ಬಾಣೆ ಯಾರದ್ದು ಎನ್ನುವ ಮೊದಲು, ಬಾಣೆ ಎಂದರೇನು?

2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕ ಭೂ ಕಂದಾಯ ಕಾಯ್ದೆಗೆ ಒಂದು ತಿದ್ದುಪಡಿ ಮಸೂದೆ ಅಂಗೀಕಾರವಾಯಿತು. ಕೊಡಗಿನ ಜಮ್ಮಾ ಬಾಣೆ ಜಮೀನುಗಳ ದಾಖಲೆಯಲ್ಲಿರುವ ತೊಡಕು ಬಿಡಿಸುವುದು ಅದರ ಉದ್ದೇಶ. ಕೊಡಗಿನೊಳಗೆ ಇದು ತಲೆಮಾರುಗಳಿಂದ ಕಾದ ಸುದ್ದಿ. ಜಿಲ್ಲೆಯ ಗಡಿ ದಾಟಿದರೆ ತಲೆಬುಡ ತಿಳಿಯದ ಸುದ್ದಿ. ಜಮ್ಮಾ ಅಂದರೆ ಏನು? ಬಾಣೆ ಅಂದರೆ ಗುಡ್ಡವೋ, ಕಾಡೋ, ಕಾಫಿ ತೋಟವೋ? ರಾಜರ ಕಾಲದಿಂದ ಒಂದೇ ಮನೆತನದ ಕೈಯಲ್ಲಿರುವ ಜಾಗದ ಪಹಣಿ ಸರಿಮಾಡಲು ಶಾಸನಸಭೆಯೇ ಯಾಕೆ ಬೇಕಾಯಿತು?

ಕೊಡಗಿನವರಲ್ಲೂ ಗೊಂದಲವಿದೆ. ಇನ್ನು ಬಾಣೆ ಪೂರ್ತಿ ನಮ್ಮದೇ ಎನ್ನುವವರಿದ್ದಾರೆ. ಅದು ಯಾವಾಗಲೂ ನಮ್ಮದೇ ಆಗಿತ್ತು, ಹೆಸರು ಬರೆಯುವುದಷ್ಟೇ ಬಾಕಿ ಎನ್ನುವವರೂ ಇದ್ದಾರೆ. ಈ ಎರಡು ಮಾತಿನ ನಡುವಿನ ಅಂತರದಲ್ಲೇ ಇಡೀ ವಿವಾದ ಕೂತಿದೆ. ಕೊಡಗಿನ ಹಳೆಯ ನೆಲದ ಹೆಸರುಗಳು ಈ ನೆಲ ಏನು ಕೆಲಸಕ್ಕೆ, ಇದರ ಮೇಲೆ ಏನು ಋಣ ಎಂಬುದನ್ನು ಹೇಳುತ್ತಿದ್ದವು. ಇಂದಿನ ಪಹಣಿ ಕೇಳುವುದು ಇದು ಯಾರದ್ದು ಎಂದು. ಕೇಳಿದ ಪ್ರಶ್ನೆ ಒಂದು, ಹೆಸರಿನಲ್ಲಿರುವ ಉತ್ತರ ಇನ್ನೊಂದು.

ಗದ್ದೆಯ ಬೆನ್ನಿಗಿರುವ ನೆಲ

ಕೊಡಗಿನ ಯಾವುದೇ ಹಳೆಯ ಊರಿನ ಒಂದು ಇಳಿಜಾರನ್ನು ತಳದಿಂದ ಮೇಲಕ್ಕೆ ನೋಡುತ್ತ ಹೋಗಿ. ತಳದಲ್ಲಿ ಗದ್ದೆ. ಕೊಲ್ಲಿಯ, ಅಂದರೆ ಗುಡ್ಡದ ಹಳ್ಳದ, ನೀರು ಹರಿದು ಬಂದು ನಿಲ್ಲುವ ಜಾಗ ಅದು. ಮಣ್ಣು ಕಪ್ಪಗೆ, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವಷ್ಟು ಮೆತ್ತಗೆ. ಗದ್ದೆಯ ಅಂಚಿನಿಂದ ಸ್ವಲ್ಪ ಎತ್ತರದಲ್ಲಿ ಮನೆತನದ ಮೂಲಮನೆಯಾದ ಐನ್‌ಮನೆ, ಕಣ, ಕೊಟ್ಟಿಗೆ, ಹಿತ್ತಲು. ಹಳೆಯ ಕಂದಾಯ ದಾಖಲೆಗಳಲ್ಲಿ ಇದಕ್ಕೂ ಒಂದು ಹೆಸರಿದೆ: ಹಿತ್ತಲುಮನೆದಳ. ಮನೆಯ ಹಿಂದಿನಿಂದ ಏರು ಶುರು. ಅಲ್ಲಿ ಮಣ್ಣು ಕೆಂಪು, ಮೇಲೆ ತರಗೆಲೆಯ ಹೊದಿಕೆ, ಕೆದಕಿದರೆ ಕಲ್ಲುಜಲ್ಲಿ. ಆ ಏರೇ ಬಾಣೆ.

ಬಾಣೆ ಯಾಕೆ ಬೇಕಿತ್ತು ಎಂಬುದನ್ನು ಮಳೆ ಹೇಳುತ್ತದೆ. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ಮಳೆ ಬಿದ್ದಾಗ ಮಣ್ಣಿನ ಸಾರ ಕೊಚ್ಚಿಹೋಗುತ್ತದೆ. ಸಾರ ಕಳೆದುಕೊಂಡ ಗದ್ದೆಗೆ ಪ್ರತಿ ವರ್ಷ ಗೊಬ್ಬರ ಕೊಡದಿದ್ದರೆ ಭತ್ತ ಬೆಳೆಯದು. ಗೊಬ್ಬರ ಬರುವುದು ಕೊಟ್ಟಿಗೆಯಿಂದ. ಕೊಟ್ಟಿಗೆಗೆ ಹಾಸುವ ಸೊಪ್ಪು, ದನ ಮೇಯುವ ಹುಲ್ಲು, ಒಲೆಯ ಸೌದೆ, ನೇಗಿಲಿನ ಮರ, ಮನೆಯ ತೊಲೆ ಎಲ್ಲವೂ ಬಾಣೆಯಿಂದ. ಹೀಗೆ ಬಾಣೆಯ ಎಲೆ ಕೊಟ್ಟಿಗೆಗೆ ಇಳಿದು, ಅಲ್ಲಿ ಗೊಬ್ಬರವಾಗಿ, ಗದ್ದೆ ಸೇರಿ ಅಕ್ಕಿಯಾಗುತ್ತಿತ್ತು. ಆದ್ದರಿಂದಲೇ ಬಾಣೆಯನ್ನು ಪ್ರತ್ಯೇಕ ಜಮೀನು ಎಂದು ಎಣಿಸದೆ ಗದ್ದೆಯ ಅಂಗ ಎಂದು ಎಣಿಸಿದರು. ಒಂದು ಗದ್ದೆಯ ಹಿಡುವಳಿಗೆ, ಅಂದರೆ ಒಂದು ವರ್ಗಕ್ಕೆ, ಇಂತಿಷ್ಟು ಬಾಣೆ ಎಂದು ಬಿಟ್ಟರು. ಗದ್ದೆಗೆ ಕಂದಾಯ ಬಿತ್ತು, ಬಾಣೆಗೆ ಬೀಳಲಿಲ್ಲ. ಗದ್ದೆಗಾಗಿ ಇರುವ ನೆಲಕ್ಕೆ ಮತ್ತೊಮ್ಮೆ ಕಂದಾಯ ಯಾಕೆ ಎಂಬುದು ಆಗಿನ ಲೆಕ್ಕ.

ಬಾಣೆ ಎಂಬುದು ಮಣ್ಣಿನ ಬಗೆಗೆ ಇಟ್ಟ ಹೆಸರಲ್ಲ, ಸಂಬಂಧಕ್ಕೆ ಇಟ್ಟ ಹೆಸರು. ಅಣ್ಣ ಅನ್ನಬೇಕಾದರೆ ತಮ್ಮನೊಬ್ಬ ಇರಬೇಕು. ಬಾಣೆ ಅನ್ನಬೇಕಾದರೆ ಗದ್ದೆಯೊಂದು ಇರಬೇಕು.

ಒಂದೇ ಮಣ್ಣು, ಬೇರೆ ಬೇರೆ ಋಣ

ಜಮ್ಮಾ ಎಂಬುದು ಜನ್ಮ ಎಂಬುದರಿಂದ ಬಂದ ಮಾತು. ಹುಟ್ಟಿನಿಂದ ಬರುವ, ವಂಶಪಾರಂಪರ್ಯದ ಹಕ್ಕು. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಯುದ್ಧ ಬಂದಾಗ ಕೋವಿ ಹಿಡಿದು ಹೊರಡಬೇಕಾದವರಿಗೆ, ಅರಮನೆಯ ಕೆಲಸಕ್ಕೆ ಕರೆದಾಗ ಹೋಗಬೇಕಾದವರಿಗೆ ಕೊಟ್ಟ ಹಿಡುವಳಿ ಇದು. ಕೊಡವರಲ್ಲದೆ ಬೇರೆ ಸಮುದಾಯದವರಲ್ಲೂ ಜಮ್ಮಾ ಹಿಡುವಳಿದಾರರಿದ್ದಾರೆ. ಸೇವೆಯ ಋಣ ಇದ್ದುದರಿಂದ ಕಂದಾಯ ಕಡಿಮೆ. ಭಟ್ಟಿ ಎಂಬ ಹಳೆಯ ಅಳತೆಯಲ್ಲಿ ನೂರು ಭಟ್ಟಿ ಗದ್ದೆಗೆ ಜಮ್ಮಾ ಆದರೆ 5 ರೂಪಾಯಿ, ಸಾಗು ಆದರೆ 10 ರೂಪಾಯಿ. ಸಾಗು ಎಂದರೆ ಸೇವೆಯ ಹೊರೆ ಇಲ್ಲದ, ಪೂರ್ತಿ ಕಂದಾಯ ಕಟ್ಟಿ ಉಳುವ ನೆಲ. ಅಕ್ಕಪಕ್ಕದ ಎರಡು ಗದ್ದೆಯ ಮಣ್ಣನ್ನು ಕೈಯಲ್ಲಿ ಹಿಡಿದು ಹಿಸುಕಿದರೆ ಯಾವುದು ಜಮ್ಮಾ, ಯಾವುದು ಸಾಗು ಎಂದು ಗೊತ್ತಾಗದು. ವ್ಯತ್ಯಾಸ ಮಣ್ಣಿನಲ್ಲಿಲ್ಲ, ಋಣದಲ್ಲಿದೆ.

ಉಳಿದ ಹೆಸರುಗಳೂ ಹಾಗೆಯೇ. ವಿಶೇಷ ಸೇವೆಗೆ ಕೊಟ್ಟದ್ದು ಉಂಬಳಿ. ದೇವರಿಗೆ ಬಿಟ್ಟ ಕಾಡು ದೇವರಕಾಡು. ಏಲಕ್ಕಿ ಬೆಳೆಯುವ ದಟ್ಟ ಕಾಡು ಮಲೆ. ಊರಿಗೆಲ್ಲ ಸೇರಿದ್ದು ಊರುಡುವೆ. ಯಾರ ಹಿಡುವಳಿಗೂ ಸೇರದೆ ಸರ್ಕಾರದ ಲೆಕ್ಕಕ್ಕೆ ಉಳಿದದ್ದು ಪೈಸಾರಿ. ಬಯಲುಸೀಮೆಯಲ್ಲಿ ನಾವು ಎರೆ, ಮಸಾರಿ ಎನ್ನುವಾಗ ಮಣ್ಣನ್ನು ನೋಡಿ ಹೆಸರಿಡುತ್ತೇವೆ. ತರಿ, ಖುಷ್ಕಿ, ಬಾಗಾಯ್ತು ಎನ್ನುವಾಗ ನೀರು ಮತ್ತು ಬೆಳೆಯನ್ನು ನೋಡುತ್ತೇವೆ. ಕೊಡಗಿನ ಕಂದಾಯದ ಮಾತುಗಳಲ್ಲಿ ಹೆಚ್ಚಿನವು ಮನುಷ್ಯರ ನಡುವಿನ ಕರಾರನ್ನು ನೋಡುತ್ತವೆ. ಹೊರಗಿನವರಿಗೆ ಈ ವಿವಾದ ಅರ್ಥವಾಗದಿರಲು ಇದೇ ಮುಖ್ಯ ಕಾರಣ.

ಜಮ್ಮಾ ಎಂಬ ಮಾತು ಭೂಮಿಯ ಆಚೆಗೂ ಬದುಕಿದೆ. ಬಂದೂಕು ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅರಸರಿಗೆ ಸಲ್ಲಿಸಿದ ಸೇವೆಯ ನೆನಪು ಇಂದಿನ ಶಸ್ತ್ರಾಸ್ತ್ರ ನಿಯಮದೊಳಗೆ ಹೀಗೆ ಉಳಿದುಕೊಂಡಿದೆ.

1834ರಿಂದ 1964ರವರೆಗೆ

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಜಮ್ಮಾ ಪದ್ಧತಿಯನ್ನು ಅವರು ಕಿತ್ತುಹಾಕಲಿಲ್ಲ. ಬದಲಿಗೆ ಅದನ್ನು ಬರಹಕ್ಕೆ ಇಳಿಸಿದರು. 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಷನ್ ಈ ಹಿಡುವಳಿಗಳಿಗೆ ಕಾನೂನಿನ ಚೌಕಟ್ಟು ಕೊಟ್ಟಿತು. ಜಮೀನು ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಒಕ್ಕದ ಪರವಾಗಿ ಸರ್ಕಾರದ ಮುಂದೆ ನಿಲ್ಲುವವನು ಪಟ್ಟೆದಾರ. ಅವನ ಹೆಸರು ದಾಖಲೆಯಲ್ಲಿದ್ದರೂ ಅವನು ಮಾಲೀಕನಲ್ಲ, ಪ್ರತಿನಿಧಿ. ಸರ್ಕಾರದ ಒಪ್ಪಿಗೆಯಿಲ್ಲದೆ ಜಮ್ಮಾ ಜಮೀನು ಮಾರುವಂತಿರಲಿಲ್ಲ.

ಬ್ರಿಟಿಷರ ಕಾಲದಲ್ಲೇ ಕಾಫಿ ತೋಟಗಳೂ ಹಬ್ಬಿದವು. ಕಾಫಿಗೆ ಗದ್ದೆಯ ಕೆಸರು ಒಗ್ಗದು. ಅದಕ್ಕೆ ಬೇಕಾದದ್ದು ನೆರಳು, ಇಳಿಜಾರು, ನೀರು ನಿಲ್ಲದ ಮಣ್ಣು. ಅಂದರೆ ಬಾಣೆ. ಸೊಪ್ಪು ಸೌದೆಗೆಂದು ಬಿಟ್ಟ ನೆಲ ನಿಧಾನವಾಗಿ ಜಿಲ್ಲೆಯ ಅತ್ಯಂತ ಬೆಲೆಬಾಳುವ ನೆಲವಾಯಿತು. ಗದ್ದೆ ಯಜಮಾನ, ಬಾಣೆ ಅದರ ಸೇವಕ ಎಂಬ ಹಳೆಯ ಲೆಕ್ಕ ತಲೆಕೆಳಗಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಭೂ ಕಂದಾಯ ಕಾಯ್ದೆ 1964ರಲ್ಲಿ ಇಡೀ ರಾಜ್ಯಕ್ಕೆ ಜಾರಿಯಾಗಿ, 1899ರ ರೆಗ್ಯುಲೇಷನ್ ರದ್ದಾಯಿತು. ಆದರೆ ಹಳೆಯ ಹಿಡುವಳಿಗಳನ್ನು ಏನು ಮಾಡುವುದು? ಕಾಯ್ದೆಯ 79ನೇ ಸೆಕ್ಷನ್ ಒಂದೇ ಉಸಿರಿನಲ್ಲಿ ಉತ್ತರಿಸಿತು. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೆ ಮೈಸೂರಿನ ಕಾನು, ಸೊಪ್ಪಿನ ಬೆಟ್ಟ. ಕೊಡಗಿನ ಜಮ್ಮಾ ಮತ್ತು ಬಾಣೆ. ಹೈದರಾಬಾದ್ ಪ್ರದೇಶದ ಮೋಟಸ್ಥಳ. ಇವುಗಳಲ್ಲಿ ರೂಢಿಯಿಂದ ಬಂದಿರುವ ಸವಲತ್ತುಗಳು ಮುಂದುವರಿಯುತ್ತವೆ ಎಂದಿತು.

ಒಂದು ಒಣ ಕಾನೂನಿನೊಳಗೆ ಇಡೀ ರಾಜ್ಯದ ನೆಲದ ನುಡಿ ಬಂದು ಕೂತ ಸಾಲು ಇದು. ಓದುವಾಗ ಮನಸ್ಸು ತುಂಬುತ್ತದೆ. ಆದರೆ ತೊಡಕು ಕೂಡ ಇಲ್ಲೇ ಇದೆ. ಕಾಯ್ದೆ ಬಳಸಿದ್ದು ಸವಲತ್ತು ಎಂಬ ಮಾತು, ಒಡೆತನ ಎಂಬ ಮಾತಲ್ಲ. ಮತ್ತು ಕುಮ್ಕಿಯನ್ನೂ ಜಮ್ಮಾವನ್ನೂ ಒಂದೇ ಬುಟ್ಟಿಗೆ ಹಾಕಿತು. ಕುಮ್ಕಿ ಎಂದರೆ ವರ್ಗ ಜಮೀನಿನ ಪಕ್ಕದ ಸರ್ಕಾರಿ ನೆಲದಲ್ಲಿ ಸೊಪ್ಪು ತರುವ, ದನ ಮೇಯಿಸುವ ಅನುಕೂಲ. ಜಮ್ಮಾ ಎಂದರೆ ಹುಟ್ಟಿನಿಂದ ಬಂದ ಹಿಡುವಳಿ. ಇವೆರಡೂ ಒಂದೇ ಅಲ್ಲ ಎಂಬುದು ಕೊಡಗಿನವರ ಮೊದಲ ತಕರಾರು.

ಸವಲತ್ತೋ, ಒಡೆತನವೋ

ಪ್ರಶ್ನೆ ಹೈಕೋರ್ಟಿನ ಪೂರ್ಣಪೀಠದ ಮುಂದೆ ಹೋಯಿತು. 1993ರಲ್ಲಿ ವರದಿಯಾದ ತೀರ್ಪು ಬಾಣೆ ಹಿಡುವಳಿದಾರರಿಗೆ ಪೆಟ್ಟು ಕೊಟ್ಟಿತು. ಬಾಣೆಯನ್ನು ಕೊಟ್ಟದ್ದು ಗದ್ದೆಯ ಅನುಕೂಲಕ್ಕೆ. ಮೇವು, ಸೊಪ್ಪು, ಸೌದೆಯ ಹಕ್ಕಿದೆಯೇ ಹೊರತು ಆ ನೆಲದ ಪೂರ್ಣ ಒಡೆತನ ಇಲ್ಲ ಎಂಬುದು ಅದರ ಸಾರ. ಹಳೆಯ ಮಾತಿನ ಅರ್ಥವನ್ನು ನ್ಯಾಯಾಲಯ ಸರಿಯಾಗಿಯೇ ಓದಿತು ಎನ್ನಬೇಕು. ಆದರೆ ಆ ಮಾತು ಹುಟ್ಟಿದ ಕಾಲದ ಬಾಣೆ ಅಷ್ಟು ಹೊತ್ತಿಗೆ ಬಹುಪಾಲು ಕಾಫಿ ತೋಟವಾಗಿತ್ತು. ಮನೆಗಳು ಎದ್ದಿದ್ದವು, ಸಾಲ ತೆಗೆದಿದ್ದರು, ತಲೆಮಾರುಗಳ ದುಡಿಮೆ ಅಲ್ಲಿ ಹೂತಿತ್ತು. ಹೆಸರಿಗೆ ಸಿಕ್ಕ ಅರ್ಥ ನೆಲದ ಮೇಲಿನ ಬದುಕಿಗೆ ಹೊಂದಲಿಲ್ಲ.

ಇದನ್ನು ಸರಿಪಡಿಸಲು 2011ರಲ್ಲಿ ಶಾಸನಸಭೆ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿತು. ಬಾಣೆ ಹಿಡುವಳಿದಾರರ ಹಕ್ಕನ್ನು ಗಟ್ಟಿ ಮಾಡುವುದು ಅದರ ಉದ್ದೇಶ. ಹಕ್ಕಿನ ಪ್ರಶ್ನೆಗೆ ದಾರಿ ಕಂಡರೂ ದಾಖಲೆಯ ಪ್ರಶ್ನೆ ಹಾಗೇ ಉಳಿಯಿತು. 2025ರ ತಿದ್ದುಪಡಿ ಮುಟ್ಟಿರುವುದು ಮುಖ್ಯವಾಗಿ ಈ ಎರಡನೆಯದನ್ನು. ಒಡೆತನ ಇದೆಯೇ ಎಂಬುದು ಒಂದು ಪ್ರಶ್ನೆ. ಇದ್ದರೆ ಅದನ್ನು ಯಾರ ಹೆಸರಿಗೆ, ಹೇಗೆ ಬರೆಯುವುದು ಎಂಬುದು ಇನ್ನೊಂದು. ಸುದ್ದಿಯಲ್ಲಿ ಇವೆರಡೂ ಕಲಸಿಹೋಗಿವೆ.

ಪಹಣಿಯ ಒಂಬತ್ತನೇ ಕಾಲಂ

ಜಮ್ಮಾ ಬಾಣೆಯ ಒಂದು ಪಹಣಿಯನ್ನು ಎದುರಿಗಿಟ್ಟುಕೊಂಡರೆ ತೊಂದರೆ ಕಣ್ಣಿಗೆ ಕಾಣುತ್ತದೆ. ಒಂಬತ್ತನೇ ಕಾಲಂ ಸ್ವಾಧೀನದಾರರದ್ದು. ಬೇರೆ ಜಿಲ್ಲೆಯ ಪಹಣಿಯಲ್ಲಿ ಅಲ್ಲಿ ಒಂದೆರಡು ಹೆಸರು, ಅವರ ತಂದೆಯ ಹೆಸರು, ವಿಸ್ತೀರ್ಣ, ಖಾತೆ ನಂಬರು. ಇಲ್ಲಿ ಮೊದಲ ಹೆಸರು ಎಂದೋ ತೀರಿಹೋದ ಪಟ್ಟೆದಾರರದ್ದು. ಅದರ ಕೆಳಗೆ ಒಕ್ಕದ ಹಲವರ ಹೆಸರು. ಕೆಲವರು ಬದುಕಿದ್ದಾರೆ, ಕೆಲವರು ಇಲ್ಲ, ಕೆಲವರು ಎಲ್ಲಿದ್ದಾರೆಂದೇ ಒಕ್ಕದವರಿಗೆ ತಿಳಿಯದು. ಅಷ್ಟೂ ಜನಕ್ಕೆ ಒಂದೇ ಸರ್ವೆ ನಂಬರು, ಒಟ್ಟು ವಿಸ್ತೀರ್ಣ. ನೆಲದ ಮೇಲೆ ನೋಡಿದರೆ ಪ್ರತಿ ಮನೆಯವರಿಗೂ ತಮ್ಮ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಮರದ ಗುರುತಿನ ಸಮೇತ ಗೊತ್ತು. ಕಾಗದದ ಮೇಲೆ ಯಾರ ಪಾಲೂ ಇಲ್ಲ.

ಇದರಿಂದ ಆಗುವುದೇನು? ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದರೆ ಎಲ್ಲರ ಸಹಿ ಕೇಳುತ್ತಾರೆ. ಮಳೆಗೆ ತೋಟ ಹಾಳಾದಾಗ ಪರಿಹಾರಕ್ಕೆ ಅರ್ಜಿ ಹಾಕಿದರೆ, ಅರ್ಜಿದಾರನ ಹೆಸರಿಗೂ ಪಹಣಿಗೂ ತಾಳೆಯಾಗದು. ಪೋಡಿ, ಅಂದರೆ ಪಾಲಿನಂತೆ ಸರ್ವೆ ನಂಬರು ಬಿಡಿಸುವುದು, ಆಗದು. ಒಕ್ಕದ ಒಬ್ಬರು ತಕರಾರು ತೆಗೆದರೆ ಉಳಿದವರೆಲ್ಲರ ಕೆಲಸ ನಿಲ್ಲುತ್ತದೆ. ಹಿಂದಿನ ರೆಗ್ಯುಲೇಷನ್ ಅಡಿ ಬರೆದ ಹೆಸರುಗಳನ್ನು ಹೊಸ ಕಾಯ್ದೆಯ ಅಡಿ ಹೇಗೆ ತಿದ್ದಬೇಕೆಂಬ ಸ್ಪಷ್ಟ ದಾರಿ ಇರಲಿಲ್ಲ. ಅಧಿಕಾರಿಗಳು ಕೈಕಟ್ಟಿ ಕೂರಲು ಕಾರಣ ಇದು. ಆ ದಾರಿಯನ್ನು ಕಾನೂನಿನಲ್ಲೇ ತೆರೆಯುವುದು ಈ ತಿದ್ದುಪಡಿಯ ಕೆಲಸ.

ಯಾರ ವಾದ ಏನು

ಹಿಡುವಳಿದಾರರ ವಾದ ಸರಳ, ಗಟ್ಟಿ ಕೂಡ. ಜಮ್ಮಾ ದಾನವಾಗಿ ಬಂದದ್ದಲ್ಲ, ಪೂರ್ವಜರು ಪ್ರಾಣ ಪಣವಿಟ್ಟ ಸೇವೆಗೆ ಸಂದದ್ದು. ಅರಸ ಹೋದ, ಬ್ರಿಟಿಷರು ಹೋದರು, ಸೇವೆಯ ಷರತ್ತೂ ಹೋಯಿತು, ಉಳಿದದ್ದು ಹಿಡುವಳಿ. ಷರತ್ತು ಬಿದ್ದುಹೋದ ಮೇಲೆ ಹಕ್ಕು ಪೂರ್ಣವಾಗಬೇಕಲ್ಲದೆ ಅರ್ಧಕ್ಕೆ ಇಳಿಯುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ.

ಮರದ ವಿಷಯ ಬಂದಾಗ ಇನ್ನೊಂದು ಗಂಟು. ಕೊಡಗಿನಲ್ಲಿ ನೆಲ ಒಬ್ಬರದ್ದು, ಅದರ ಮೇಲಿನ ಮರ ಇನ್ನೊಬ್ಬರದ್ದು ಆಗಬಹುದು. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನು ರಿಡೀಮ್ಡ್, ಕಟ್ಟದ್ದು ಅನ್‌ರಿಡೀಮ್ಡ್. ತಮ್ಮ ತೋಟದ ಬೀಟೆ ಮರ ತಮ್ಮದಲ್ಲ ಎಂಬುದನ್ನು ಬೇರೆ ಜಿಲ್ಲೆಯ ರೈತ ನಂಬುವುದೇ ಕಷ್ಟ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮರದ ಹಕ್ಕು ತಾನಾಗಿ ಬರುವುದಿಲ್ಲ. ಬರುತ್ತದೆ ಎಂಬುದೇ ತಿದ್ದುಪಡಿಯ ಬಗ್ಗೆ ಇರುವ ದೊಡ್ಡ ತಪ್ಪುಕಲ್ಪನೆ.

ಪರಿಸರದ ಕಡೆಯಿಂದ ಮಾತಾಡುವವರ ಆತಂಕವನ್ನು ಅಭಿವೃದ್ಧಿ ವಿರೋಧಿ ಎಂದು ತಳ್ಳಿಹಾಕುವಂತಿಲ್ಲ. ದಾಖಲೆಯ ಗೋಜಲು ಕಷ್ಟ ಕೊಟ್ಟದ್ದು ನಿಜ. ಆದರೆ ಅದೇ ಗೋಜಲು ಮಾರಾಟವನ್ನೂ ತಡೆದಿತ್ತು. ಎಲ್ಲರ ಸಹಿ ಬೇಕು ಎಂಬ ಕಾರಣಕ್ಕೆ ಎಷ್ಟೋ ಬಾಣೆಗಳು ಕೈಬದಲಾಗದೆ ಉಳಿದಿವೆ. ಹೆಸರು ಬಿಡಿಬಿಡಿಯಾದ ಕೂಡಲೇ ಮಾರುವುದು ಸುಲಭ. ಕೊಳ್ಳುವವರಿಗೆ ಬೇಕಾದದ್ದು ಸೊಪ್ಪಲ್ಲ, ಕಾಫಿಯೂ ಅಲ್ಲ, ರೆಸಾರ್ಟಿಗೆ ನೋಟ ಚೆನ್ನಾಗಿರುವ ಇಳಿಜಾರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮದೆನಾಡಿನಲ್ಲಿ ಗುಡ್ಡಗಳು ಕುಸಿದಾಗ ಅತಿಮಳೆಯ ಜೊತೆಗೆ ಇಳಿಜಾರನ್ನು ಕಡಿದು ಸಮತಟ್ಟು ಮಾಡಿದ್ದೂ ಚರ್ಚೆಗೆ ಬಂತು. ಬೇರು ಹಿಡಿದಿಟ್ಟ ಕೆಮ್ಮಣ್ಣನ್ನು ಯಂತ್ರದಿಂದ ನೆಟ್ಟಗೆ ಕತ್ತರಿಸಿದರೆ, ಮೇಲಿನ ಮಣ್ಣು ನೀರು ಕುಡಿದು ಭಾರವಾದಾಗ ಅದನ್ನು ತಡೆಯಲು ಕೆಳಗೆ ಏನೂ ಇರುವುದಿಲ್ಲ. ಬಾಣೆಯನ್ನು ಸಮತಟ್ಟು ಮಾಡಿದ ದಿನ ಅದು ಸೈಟ್ ಆಗುತ್ತದೆ, ಬಾಣೆ ಆಗಿ ಉಳಿಯುವುದಿಲ್ಲ.

ಒಕ್ಕದ ಒಳಗೂ ಒಮ್ಮತವಿಲ್ಲ. ಜಮೀನು ಹಂಚಿಹೋದರೆ ಐನ್‌ಮನೆಗೆ, ಹಿರಿಯರ ಗುಡಿಯಾದ ಕೈಮಡಕ್ಕೆ, ಒಕ್ಕದ ಕಾರ್ಯಗಳಿಗೆ ಆಧಾರ ಏನು ಎಂದು ಹಿರಿಯರು ಕೇಳುತ್ತಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಟ್ಟಿರುವಾಗ, ಮದುವೆಯಾಗಿ ಬೇರೆ ಒಕ್ಕ ಸೇರಿದವರ ಹೆಸರು ಎಲ್ಲಿ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳಲಿದೆ. ಪಹಣಿ ತಿದ್ದುವ ಅಧಿಕಾರಿ ಇದನ್ನು ತೀರ್ಮಾನಿಸಲಾರ. ಹಾಗಾಗಿ ಒಂದಷ್ಟು ವ್ಯಾಜ್ಯಗಳು ಕಂದಾಯ ಕಚೇರಿಯಿಂದ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತವೆ ಎಂಬುದನ್ನು ಈಗಲೇ ಹೇಳಬಹುದು.

ಹೆಸರೇ ಇಲ್ಲದವರು

ಈ ಚರ್ಚೆಯಲ್ಲಿ ದನಿ ಕಡಿಮೆ ಇರುವುದು ಆದಿವಾಸಿಗಳಾದ ಯರವರು, ಜೇನುಕುರುಬರು, ತೋಟದ ಕೂಲಿಯವರ ಲೈನ್‌ಮನೆಗಳಲ್ಲೇ ಬದುಕು ಕಳೆದವರದ್ದು. ಜಮ್ಮಾ, ಸಾಗು, ಉಂಬಳಿ ಯಾವ ಹೆಸರಿನಲ್ಲೂ ಅವರಿಗೆ ಪಾಲಿಲ್ಲ. ಕಂದಾಯದ ನೆಲದಲ್ಲಿ ಅವರು ಕೇಳಬಹುದಾದದ್ದು ಪೈಸಾರಿಯನ್ನು ಮಾತ್ರ. ಆದರೆ ಪೈಸಾರಿ ಎಂಬ ಮಾತೇ ಜಾರುವ ಮಾತು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ ವಾದ ನಿಂತದ್ದು ಒಂದೇ ಮಾತಿನ ಮೇಲೆ. ಅದು ಪೈಸಾರಿ ಎಂದರು ನಿವಾಸಿಗಳು, ಮೀಸಲು ಅರಣ್ಯ ಎಂದಿತು ಇಲಾಖೆ. ಮಣ್ಣು ಅದೇ, ಮರ ಅದೇ. ಯಾವ ಹೆಸರು ನಿಲ್ಲುತ್ತದೆ ಎಂಬುದರ ಮೇಲೆ ಮನೆ ಉಳಿಯುವುದೋ ಬೀಳುವುದೋ ತೀರ್ಮಾನವಾಗುತ್ತಿತ್ತು.

ಸೋಮವಾರಪೇಟೆ ಕಡೆ ರೈತರನ್ನು ಕಾಡುತ್ತಿರುವ ಸಿ ಮತ್ತು ಡಿ ಜಾಗದ ಪ್ರಶ್ನೆಯೂ ಇದೇ ಬಗೆಯದು. ಕೃಷಿಗೆ ಯೋಗ್ಯವಲ್ಲ ಎಂದು ವರ್ಗೀಕರಿಸಿದ ನೆಲದಲ್ಲಿ ಜನ ಬಹುಕಾಲದಿಂದ ಕೃಷಿ ಮಾಡಿದ್ದಾರೆ; ಆ ವರ್ಗೀಕರಣ ಹಿಡಿದು ಅರಣ್ಯ ಇಲಾಖೆ ಅದನ್ನು ತನ್ನದೆನ್ನುತ್ತಿದೆ. ಜಮ್ಮಾ ಹಿಡುವಳಿದಾರರಿಗೆ ಸಿಕ್ಕ ಗಮನದ ಕಾಲುಭಾಗವೂ ಇವರಿಗೆ ಸಿಕ್ಕಿಲ್ಲ ಎಂಬುದು ನೋವಿನ ಸಂಗತಿ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಒಳ್ಳೆಯದೇ. ಸಣ್ಣ ಬೆಳೆಗಾರನಿಗೆ ತನ್ನ ಹೆಸರಿನ ಪಹಣಿ ಸಿಕ್ಕರೆ ಸಾಲ, ವಿಮೆ, ಪರಿಹಾರ ಎಲ್ಲಕ್ಕೂ ಬಾಗಿಲು ತೆರೆಯುತ್ತದೆ. ಇದನ್ನು ಕಡಿಮೆ ಎಣಿಸಬಾರದು.

ಎರಡನೆಯದು ಕರಾವಳಿ ಮತ್ತು ಮಲೆನಾಡಿಗೆ ಸಂಬಂಧಿಸಿದ್ದು. 79ನೇ ಸೆಕ್ಷನ್ನಿನ ಅದೇ ಸಾಲಿನಲ್ಲಿ ಇರುವ ಕುಮ್ಕಿಯವರು, ಬೆಟ್ಟದವರು, ಸೊಪ್ಪಿನ ಬೆಟ್ಟದವರು ಕೊಡಗನ್ನು ನೋಡುತ್ತಿದ್ದಾರೆ. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟಕ್ಕೂ ಭತ್ತದ ಗದ್ದೆಗೆ ಸೊಪ್ಪು ಕೊಡುವ ಬಾಣೆಗೂ ಕೆಲಸ ಒಂದೇ. ಅಲ್ಲಿಗೆ ಕೊಟ್ಟದ್ದು ಇಲ್ಲಿಗೆ ಯಾಕಿಲ್ಲ ಎಂಬ ಬೇಡಿಕೆ ಬರುವುದು ಸಹಜ. ಆಗ ಸರ್ಕಾರ ಜಮ್ಮಾಕ್ಕೂ ಕುಮ್ಕಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗುತ್ತದೆ. 1964ರಲ್ಲಿ ಮಾಡದೆ ಬಿಟ್ಟ ಕೆಲಸ ಅದು.

ಮೂರನೆಯದು ಗದ್ದೆಯ ಗತಿ. ಭತ್ತದಲ್ಲಿ ಲಾಭವಿಲ್ಲ, ಕೂಲಿ ಸಿಗುವುದಿಲ್ಲ, ಕಾಡಾನೆ ಬಿಡುವುದಿಲ್ಲ. ಕೊಡಗಿನಲ್ಲಿ ಪಾಳುಬಿದ್ದ ಗದ್ದೆ ಈಗ ಎಲ್ಲೆಡೆ ಕಾಣುವ ನೋಟ. ಮಳೆಗಾಲದಲ್ಲಿ ನೀರು ನಿಂತು ನಿಧಾನವಾಗಿ ಇಂಗುತ್ತಿದ್ದ ಜಾಗ ಅದು. ಮಣ್ಣು ತುಂಬಿಸಿದರೆ ಆ ನೀರು ನೇರ ಕೊಲ್ಲಿಗೆ, ಕೊಲ್ಲಿಯಿಂದ ಕಾವೇರಿಗೆ ಧಾವಿಸುತ್ತದೆ. ಇಷ್ಟು ದಿನ ಕಾಗದದ ಮೇಲಾದರೂ ಬಾಣೆ ಗದ್ದೆಗೆ ಕಟ್ಟಿಹಾಕಿದ ನೆಲವಾಗಿತ್ತು. ಪಾಲು ಆಗುವಾಗ ಒಬ್ಬರಿಗೆ ಗದ್ದೆ, ಇನ್ನೊಬ್ಬರಿಗೆ ಬಾಣೆ ಎಂದು ಬರೆದರೆ ಆ ಕಟ್ಟು ಬಿಚ್ಚುತ್ತದೆ. ಬಾಣೆ ಸಿಕ್ಕವನಿಗೆ ಕಾಫಿ ಇದೆ. ಬರೀ ಗದ್ದೆ ಸಿಕ್ಕವನಿಗೆ ಅದನ್ನು ಮಣ್ಣು ತುಂಬಿಸಿ ಮಾರುವುದೇ ಸುಲಭದ ದಾರಿಯಾಗಿ ಕಾಣುತ್ತದೆ. ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯಲು ಬೇರೆಯವರ ಗದ್ದೆಗೆ ಹೋಗುವ ಒಕ್ಕಗಳ ಸಂಖ್ಯೆ ಆಗ ಇನ್ನೂ ಬೆಳೆಯುತ್ತದೆ.

ಇದನ್ನು ತಡೆಯಬೇಕಾದರೆ ತಿದ್ದುಪಡಿಯನ್ನು ಬೇಡ ಎನ್ನಬೇಕಿಲ್ಲ. ಪಾಲು ಬರೆಯುವಾಗ ಯಾವ ಬಾಣೆ ಯಾವ ಗದ್ದೆಯ ವರ್ಗಕ್ಕೆ ಸೇರಿತ್ತು ಎಂಬುದನ್ನು ಪಹಣಿಯಲ್ಲೇ ಉಳಿಸಬಹುದು. ಕಡಿದಾದ ಇಳಿಜಾರಿನ ಬಾಣೆಗೆ ಭೂಪರಿವರ್ತನೆ ಸಿಗದಂತೆ ನಿಯಮದಲ್ಲೇ ಹೇಳಬಹುದು. ಒಡೆತನ ಕೊಡುವುದು ಬೇರೆ, ನೆಲದ ಬಳಕೆ ಬದಲಿಸಲು ಬಿಡುವುದು ಬೇರೆ. ಕೆಳಹಂತದಲ್ಲಿ ಪಹಣಿ ತಿದ್ದುವವರು ಬಾಣೆ ಎಂಬ ಮಾತನ್ನು ಕಾಲಂನಲ್ಲಿ ಉಳಿಸುತ್ತಾರೋ, ಖುಷ್ಕಿ ಎಂದು ಬದಲಿಸುತ್ತಾರೋ ಎಂಬುದನ್ನು ಕೊಡಗಿನವರು ಮೊದಲ ಪಹಣಿ ಕೈಗೆ ಬಂದ ದಿನವೇ ನೋಡಬೇಕು.